ಸುಗ್ಗಿಯ ಚೀಲ, ಸುದ್ದಿಯ ಚೀಲ

ಕೇಳುಗರಿಗೆ ನಮಸ್ಕಾರ.

2023ರ ಜುಲೈ ಕೊನೆಯ ವಾರ. ಬೆಳಿಗ್ಗೆ ಕಾಫಿಯ ಹೊತ್ತಿಗೆ ಅಮೆರಿಕದ ನ್ಯೂಜೆರ್ಸಿಯಿಂದ ಅಣ್ಣನ ಮಗಳ ಫೋನು. ಕ್ಷೇಮ ಸಮಾಚಾರಕ್ಕೂ ಮೊದಲೇ, "ಚಿಕ್ಕಪ್ಪ, ಆರು ಚೀಲ ಸಿಕ್ಕಿತು" ಎಂದಳು. ಪರೀಕ್ಷೆ ಪಾಸಾದವರ ದನಿ. ಏನು ಚೀಲವಮ್ಮ ಎಂದರೆ, ಸೋನಾ ಮಸೂರಿ ಅಕ್ಕಿ. ಒಂದು ಕುಟುಂಬಕ್ಕೆ ಒಂದೇ ಚೀಲ ಎಂಬ ಫಲಕ ತೂಗುಹಾಕಿದ್ದ ಅಂಗಡಿಗಳಲ್ಲಿ ಗಂಡ ಹೆಂಡತಿ ಇಬ್ಬರೂ ಗುರುತಿಲ್ಲದವರಂತೆ ಬೇರೆ ಬೇರೆ ಸಾಲಿನಲ್ಲಿ ನಿಂತರಂತೆ. ಚೀಲವೊಂದಕ್ಕೆ ಸುಮಾರು 9 ಕಿಲೊ. ಮನೆಯಲ್ಲಿರುವವರು ಮೂವರು, ಮೂರನೆಯದಕ್ಕೆ ಆಗಿನ್ನೂ ಎರಡು ವರ್ಷ.

ನಾನು ಗಂಗಾವತಿ ಕಡೆಯವನು. ತುಂಗಭದ್ರೆಯ ಕಾಲುವೆ ನೀರುಂಡ ಸೋನಾ ಮಸೂರಿ ಗಿರಣಿಗಳಿಂದ ಲಾರಿಗಟ್ಟಲೆ ಹೊರಡುವುದನ್ನು ನೋಡುತ್ತಲೇ ಬೆಳೆದವನು. ಈ ಅಕ್ಕಿಗಾಗಿ ಅಷ್ಟು ದೂರದಲ್ಲಿ ನೂಕುನುಗ್ಗಲು ಎಂದಾಗ ಒಳಗೊಳಗೇ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ.

ನಡೆದದ್ದು ಇಷ್ಟು. ಜುಲೈ 20ರಂದು ಕೇಂದ್ರ ಸರ್ಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿತು. ಮುಂಗಾರು ತಡವಾಗಿತ್ತು, ಪೆಸಿಫಿಕ್ ಸಾಗರ ಬಿಸಿಯಾಗಿ ನಮ್ಮ ಮಳೆ ಕುಗ್ಗಿಸಬಲ್ಲ ಎಲ್ ನಿನೊ ಭಯವಿತ್ತು, ದೇಶದೊಳಗೆ ಅಕ್ಕಿ ತುಟ್ಟಿಯಾಗುತ್ತಿತ್ತು. ಜಗತ್ತಿನ ಅಕ್ಕಿ ರಫ್ತಿನಲ್ಲಿ ಭಾರತದ ಪಾಲು ನೂರಕ್ಕೆ ಸುಮಾರು ನಲವತ್ತು; ಸುದ್ದಿ ಸಣ್ಣದಲ್ಲ, ಒಪ್ಪಿದೆ. ಆದರೆ ಆ ಆದೇಶ ಬಾಸ್ಮತಿಯನ್ನು ಮುಟ್ಟಿರಲಿಲ್ಲ. ಕರಾವಳಿಯವರ ಕುಚ್ಚಲಕ್ಕಿಯನ್ನೂ ಮುಟ್ಟಿರಲಿಲ್ಲ. ಅದಕ್ಕೆ ಶೇಕಡಾ 20ರ ಸುಂಕ ಬಿದ್ದದ್ದು ಆಗಸ್ಟ್ ಕೊನೆಗೆ. ಹಡಗಿಗೆ ತುಂಬಲು ಆಗಲೇ ತೊಡಗಿದ್ದ ಸರಕಿಗೂ ವಿನಾಯಿತಿ ಇತ್ತು. ಅಮೆರಿಕದ ಗೋದಾಮುಗಳಲ್ಲಿದ್ದ ಅಕ್ಕಿಯಂತೂ ಎಂದೋ ಸಮುದ್ರ ದಾಟಿ ಕುಳಿತಿತ್ತು. ಹಾಗಿದ್ದೂ ಒಂದೆರಡು ದಿನದಲ್ಲಿ ಅಂಗಡಿಗಳ ಕಪಾಟು ಬರಿದಾದದ್ದು ಹೇಗೆ?

ಲೆಕ್ಕ ಹಾಕಿ ನೋಡೋಣ. ನಾನೂರು ಮನೆಗಳು ತಿಂಗಳಿಗೊಂದು ಚೀಲ ಒಯ್ಯುವ ಅಂಗಡಿ ಎಂದುಕೊಳ್ಳಿ. ಅದರ ಯಜಮಾನ ವಾರಕ್ಕೆ ನೂರು ಚೀಲ ತರಿಸುತ್ತಾನೆ, ಸಾಕಾಗುತ್ತದೆ. ಒಂದು ಶನಿವಾರ ನಾನೂರು ಮನೆಯವರೂ ಒಟ್ಟಿಗೆ ಬಂದು ತಲಾ ಒಂದೇ ಚೀಲ ಕೇಳಲಿ. ಮುನ್ನೂರು ಜನ ಬರಿಗೈಯಲ್ಲಿ ಮರಳಬೇಕು. ಇಲ್ಲಿ ಯಾರೂ ದುರಾಸೆಯವರಲ್ಲ. ಆದರೆ ಆ ಮುನ್ನೂರರಲ್ಲಿ ಒಬ್ಬ ಖಾಲಿ ಕಪಾಟಿನ ಚಿತ್ರ ತೆಗೆದು ಮೊಬೈಲಿನಲ್ಲಿ ಹಂಚುತ್ತಾನೆ. ಅದನ್ನು ಕಂಡವರು ಪಕ್ಕದ ಊರಿನ ಅಂಗಡಿಗೆ ಕಾರು ಓಡಿಸುತ್ತಾರೆ, ಈ ಬಾರಿ ಒಂದಲ್ಲ, ಮೂರು ಚೀಲಕ್ಕೆ.

ಮನೆವಂದಿಗರು ಮಾತ್ರ ಹೀಗೆ ಎಂದುಕೊಳ್ಳಬೇಡಿ. 2008ರಲ್ಲಿ ಸರ್ಕಾರಗಳೇ ಹೀಗೆ ಆಡಿದವು. ಭಾರತ, ವಿಯೆಟ್ನಾಂ ಅಕ್ಕಿಯ ರಫ್ತಿಗೆ ತಡೆ ಹಾಕಿದವು. ಫಿಲಿಪ್ಪೀನ್ಸ್ ಕೇಳಿದಷ್ಟು ಕೊಟ್ಟು ಕೊಳ್ಳಲು ಹೊರಟಿತು. ವರ್ಷದ ಆರಂಭದಲ್ಲಿ ಟನ್ನಿಗೆ 400 ಡಾಲರಿಗೂ ಕಡಿಮೆಯಿದ್ದ ಥಾಯ್ಲೆಂಡ್ ಅಕ್ಕಿ ಬೇಸಿಗೆಯ ಹೊತ್ತಿಗೆ 1000 ಡಾಲರ್ ದಾಟಿತು. ವಿಚಿತ್ರವೆಂದರೆ ಜಗತ್ತಿನಲ್ಲಿ ಆಗ ಭತ್ತದ ಬೆಳೆ ಚೆನ್ನಾಗಿಯೇ ಇತ್ತು. ಕೊನೆಗೆ ಜಪಾನ್, ತನ್ನ ಗೋದಾಮುಗಳಲ್ಲಿದ್ದ ಆಮದು ಅಕ್ಕಿಯನ್ನು ಹೊರಗೆ ಮಾರುವೆನೆಂದು ಸೂಚಿಸಿತು. ಆ ಅಕ್ಕಿ ಹಡಗು ಹತ್ತುವ ಮೊದಲೇ ಬೆಲೆ ಇಳಿಯತೊಡಗಿತು. ಮಾತಿಗೆ ಏರಿದ್ದು ಮಾತಿಗೇ ಇಳಿಯಿತು.

ಫೋನ್ ಇಟ್ಟ ಮೇಲೆ ಮಗಳ ಬಗ್ಗೆ ನಕ್ಕೆ. ಆಮೇಲೆ ನೆನಪಾಯಿತು: ನನ್ನ ಅಜ್ಜನೂ ಕೂಡಿಡುತ್ತಿದ್ದ, ಅದೂ ಆರು ಚೀಲವಲ್ಲ. ನಮ್ಮ ಸೀಮೆಯಲ್ಲಿ ಹಗೇವು ಇರುತ್ತಿದ್ದವು. ನೆಲದೊಳಗೆ ತೋಡಿ, ಹುಲ್ಲು ಹೊದಿಸಿ, ಜೋಳ ಸುರಿದು ಬಾಯಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ತೆರೆದ ಕೂಡಲೇ ಒಳಗಿಳಿಯುವಂತಿಲ್ಲ, ಉಸಿರು ಕಟ್ಟುತ್ತದೆ. ಗಾಳಿಯಾಡಲು ಬಿಟ್ಟು ಕಾಯಬೇಕು. ಅಜ್ಜ ಹಗೇವು ತುಂಬುತ್ತಿದ್ದದ್ದು ಸುಗ್ಗಿಯಲ್ಲಿ, ಕಾಳು ಅಗ್ಗವಿದ್ದಾಗ. ತೆರೆಯುತ್ತಿದ್ದದ್ದು ಬೆಲೆ ಏರಿದಾಗ. ಹೀಗಾಗಿ ತುಟ್ಟಿಯ ದಿನಗಳಲ್ಲಿ ಅವನು ಪೇಟೆಯ ಸಾಲಿನಲ್ಲಿ ಇರುತ್ತಲೇ ಇರಲಿಲ್ಲ. ನಾವು ಕಾಳು ಅಗ್ಗವಿದ್ದಾಗ ಅದರತ್ತ ತಿರುಗಿಯೂ ನೋಡುವುದಿಲ್ಲ, ಏರಿದ ದಿನ ಚೀಲ ಹಿಡಿದು ಹೊರಡುತ್ತೇವೆ. ಅಲ್ಲಿ ಕೆಲವು ಅಂಗಡಿಗಳು ಎರಡು ಪಟ್ಟು ಬೆಲೆ ಕೇಳಿದ್ದವು. ಮಗಳು ಚೌಕಾಸಿ ಮಾಡಲಿಲ್ಲ.

ಗಾಬರಿಯಾಗಿ ಕೊಳ್ಳುವುದಕ್ಕೂ ಅನುಕೂಲ ಬೇಕು, ಕೈಯಲ್ಲಿ ಹಣ, ಮನೆಯಲ್ಲಿ ಜಾಗ. ಅದೇ ಜುಲೈಯಲ್ಲಿ ಕರ್ನಾಟಕ ಸರ್ಕಾರಕ್ಕೆ ಅನ್ನಭಾಗ್ಯದ ಹೆಚ್ಚುವರಿ 5 ಕಿಲೊಗೆ ಅಕ್ಕಿ ಹೊಂದಿಸಲು ಆಗಲಿಲ್ಲ. ಬದಲಿಗೆ ಕಿಲೊಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಬಂತು. ಆ ಹಣ ಹಿಡಿದು ಪೇಟೆಗೆ ಹೋದವರಿಗೆ ಆರು ಚೀಲದ ಕನಸಿರಲಿಲ್ಲ. ಕಪಾಟು ಖಾಲಿಯಾದರೆ, ಬೆಲೆ ಏರಿದರೆ, ಮೊದಲ ಪೆಟ್ಟು ಇಂಥವರಿಗೇ.

ರಫ್ತಿನ ನಿಷೇಧ 2024ರ ಸೆಪ್ಟೆಂಬರ್ ಕೊನೆಯಲ್ಲಿ ತೆರವಾಯಿತು. ಮಗಳ ಅಂಗಡಿಯಲ್ಲಿ ಮಾತ್ರ ಅಷ್ಟು ಕಾಯಬೇಕಾಗಲಿಲ್ಲ. ಕೆಲವೇ ವಾರಗಳಲ್ಲಿ ಚೀಲಗಳು ಮತ್ತೆ ಬಂದು ಕುಳಿತವಂತೆ. ಜನವರಿಯಲ್ಲಿ ಅವಳ ಇನ್ನೊಂದು ಫೋನು, ಈ ಸಲ ಚಿಕ್ಕಮ್ಮನಿಗೆ. ನಾಲ್ಕನೆಯ ಚೀಲದಲ್ಲಿ ನುಸಿ. ನನ್ನ ಹೆಂಡತಿ ಅಕ್ಕರೆಯಿಂದ ವಿವರಿಸಿದಳು: ಮೊರದಲ್ಲಿ ಕೇರಬೇಕು, ಎಳೆಬಿಸಿಲಿಗೆ ಹರವಬೇಕು, ಒಣಮೆಣಸಿನಕಾಯಿ ಹಾಕಿ ಕಟ್ಟಿಡಬೇಕು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ.

"ಚಿಕ್ಕಮ್ಮ, ಮೊರ ಇಲ್ಲ. ಹೊರಗೆ ಹಿಮ ಬೀಳುತ್ತಿದೆ."

ನಮಸ್ಕಾರ.