ಮನೆಯಂಗಳದ ಜವಾರಿ ಬ್ಯಾಡಗಿ

ಕೇಳುಗರಿಗೆ ನಮಸ್ಕಾರ.

ಖಾರ ಕಡಿಮೆ, ಬಣ್ಣ ಹೆಚ್ಚು ಎನ್ನುವಂತಹ ಮೆಣಸಿನ ಪುಡಿಗೆ ಹಂಗೇರಿಯಲ್ಲಿ ಸೆಗೆಡ್ ಮತ್ತು ಕಲೋಚ ಪಟ್ಟಣಗಳ ಪಪ್ರಿಕಾ ಹೆಸರಾಗಿದ್ದರೆ, ನಮ್ಮಲ್ಲಿ ಆ ಹೆಸರು ಹಾವೇರಿ ಜಿಲ್ಲೆಯ ಬ್ಯಾಡಗಿಗೆ ಸಲ್ಲುತ್ತದೆ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ಮೆಣಸಿನಕಾಯಿಯಲ್ಲಿ ಗಿಡ್ಡಗೆ ದುಂಡಾಗಿರುವ ಡಬ್ಬಿ, ನೀಳವಾಗಿ ಸುಕ್ಕುಗಟ್ಟಿರುವ ಕಡ್ಡಿ ಎಂಬ ಎರಡು ಬಗೆಗಳಿವೆ. ಪುಡಿಗಾಗಿ ಬೆಳೆಯುವವರು ಡಬ್ಬಿಯನ್ನೇ ಆರಿಸಿಕೊಳ್ಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ, ಏಕೆಂದರೆ ಅದರಲ್ಲಿ ಬಣ್ಣ ಹೆಚ್ಚು, ಖಾರ ಇನ್ನೂ ಕಡಿಮೆ.

ಜೂನ್ ತಿಂಗಳಲ್ಲಿ ಬೀಜವನ್ನು ತಟ್ಟೆಯಲ್ಲೋ ಸಣ್ಣ ಮಡಿಯಲ್ಲೋ ಚೆಲ್ಲಿ, ಸುಮಾರು 40 ದಿನಗಳ ಸಸಿಯನ್ನು ಒಂದು ಅಡಿ ಆಳದ ಕುಂಡಕ್ಕೆ ಒಂದರಂತೆ ನಾಟಿ ಮಾಡಿದರೆ, ಮಳೆಗಾಲದಲ್ಲಿ ಗಿಡ ಬಲಿತು, ಕಾಯಿ ಒಣಗಿಸುವ ಹೊತ್ತಿಗೆ ಚಳಿಗಾಲದ ಒಣ ಬಿಸಿಲು ಸಿಗುತ್ತದೆ. ಇದು ಧಾರವಾಡ, ಗದಗ, ಹಾವೇರಿ ಸೀಮೆಯ ಎರೆಭೂಮಿಯಲ್ಲಿ ಮಳೆಯನ್ನೇ ನಂಬಿ ಬೆಳೆದುಬಂದ ಬೆಳೆ. ಆದ್ದರಿಂದ ಕುಂಡದ ತಳದಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಬೇಕು. ಎಲೆಗಳು ಮೇಲ್ಮುಖವಾಗಿ ಮುದುಡಿದರೆ ಥ್ರಿಪ್ಸ್ ನುಸಿಯನ್ನೂ, ಕೆಳಮುಖವಾಗಿ ಮುದುಡಿದರೆ ಮೈಟ್ ನುಸಿಯನ್ನೂ ಶಂಕಿಸಬೇಕು. ರೈತರು ಮುಟುರು ರೋಗವೆನ್ನುವ ಈ ಬಾಧೆ ಮೊದಲ ಚಿಗುರಿನಲ್ಲಿ ಕಂಡಾಗಲೇ ಎಲೆಯ ಅಡಿಭಾಗ ನೆನೆಯುವಂತೆ ಬೇವಿನೆಣ್ಣೆಯ ದ್ರಾವಣವನ್ನು ಸಿಂಪಡಿಸಬೇಕು.

ಕಾಯಿ ಕೆಂಪಾದ ಕೂಡಲೇ ಕೊಯ್ಯುವ ಆತುರ ಬೇಡ. ಬಣ್ಣ ಕೊಡುವ ಕ್ಯಾಪ್ಸಾಂಥಿನ್ ಮುಂತಾದ ವರ್ಣಕಗಳು ಕಾಯಿ ಕೆಂಪಾದ ಮೇಲೂ ಕೆಲವು ದಿನ ಹೆಚ್ಚುತ್ತಲೇ ಇರುತ್ತವೆ. ಗಿಡದಲ್ಲೇ ಸ್ವಲ್ಪ ಬಾಡಿ ಸಿಪ್ಪೆ ಮೆತ್ತಗಾದ ಹಣ್ಣಿನಿಂದ ಬರುವ ಪುಡಿಯ ಕೆಂಪೇ ಬೇರೆ. ಹೀಗೆ ಕೊಯ್ದ ಕಾಯಿಯನ್ನು ಬರಿಯ ನೆಲದ ಮೇಲೆ ಹರಡದೆ, ಶುಭ್ರವಾದ ಬಟ್ಟೆಯ ಮೇಲೋ ಚಾಪೆಯ ಮೇಲೋ ತೆಳುವಾಗಿ ಹರವಿ, ಇಬ್ಬನಿ ಬೀಳುವ ಮೊದಲೇ ಸಂಜೆ ಒಳಗೆ ತೆಗೆದಿಡಬೇಕು, ಏಕೆಂದರೆ ತೇವ ಉಳಿದ ಕಾಯಿಯಲ್ಲಿ ಬೆಳೆಯುವ ಬೂಷ್ಟು ವಿಷಕಾರಿ ಅಫ್ಲಾಟಾಕ್ಸಿನ್‌ಗೆ ಎಡೆಮಾಡಿಕೊಡಬಲ್ಲದು. ಅಲ್ಲಾಡಿಸಿದಾಗ ಒಳಗಿನ ಬೀಜ ಗಲಗಲ ಎಂದರೆ, ಮಡಿಸಿದಾಗ ಸಿಪ್ಪೆ ಮುರಿದರೆ, ಕಾಯಿ ಪುಡಿಗೆ ಸಿದ್ಧವಾಗಿದೆ.

ಖಾರವೆಲ್ಲ ಬೀಜದಲ್ಲಿದೆ ಎಂದು ನಂಬುವವರು ಬಹಳ. ಆದರೆ ಅದು ಹುಟ್ಟುವುದು ಬೀಜಗಳು ಅಂಟಿಕೊಂಡಿರುವ ಬಿಳಿಯ ತಿರುಳಿನಲ್ಲಿ. ಮಕ್ಕಳೂ ಉಣ್ಣಬಹುದಾದಷ್ಟು ಸೌಮ್ಯವಾದ ಪುಡಿ ಬೇಕಾದವರು ತೊಟ್ಟು ಮುರಿದು, ಕಾಯಿಯನ್ನು ಸೀಳಿ, ಆ ತಿರುಳನ್ನೂ ಬೀಜವನ್ನೂ ತೆಗೆದು, ಸಿಪ್ಪೆಯನ್ನು ಮಾತ್ರ ಪುಡಿ ಮಾಡಲಿ. ಈ ಕೆಲಸ ಮಾಡಿದ ಕೈ ಕಣ್ಣಿಗೆ ತಾಗದಿರಲಿ. ವರ್ಣಕವು ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಬಿಡುತ್ತದೆ. ಹಾಗಾಗಿ ಸಣ್ಣ ಉರಿಯಲ್ಲಿ ಹದವಾಗಿ ಕಾದ ಎಣ್ಣೆಗೆ ಪುಡಿಯನ್ನು ಹಾಕಿ, ಕರಕಲಾಗುವ ಮುನ್ನವೇ ಬೇಳೆಯನ್ನೋ ತರಕಾರಿಯನ್ನೋ ಸೇರಿಸಿದರೆ ಸಾರು ಕೆಂಪೇರುತ್ತದೆ. ಪುಡಿಯ ಬಣ್ಣ ಬೆಳಕಿಗೂ ಗಾಳಿಗೂ ಬೇಗ ಮಾಸುವುದರಿಂದ, ಕಾಯಿಯನ್ನು ಇಡಿಯಾಗಿಯೇ ಇಟ್ಟುಕೊಂಡು ತಿಂಗಳಿಗೆ ಬೇಕಾದಷ್ಟನ್ನು ಮಾತ್ರ ಪುಡಿ ಮಾಡುವುದು ಜಾಣತನ.

ಇನ್ನು ಬೀಜದ ಮಾತು. ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಇದೇ. ಮೆಣಸಿನ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದಾದರೂ, ಜೇನುನೊಣಗಳು ಪಕ್ಕದ ಖಾರದ ಗಿಡದ ಪರಾಗವನ್ನು ತಂದು ಬೆರೆಸಿದರೆ ಈ ವರ್ಷದ ಕಾಯಿಯಲ್ಲಿ ಬಹುಮಟ್ಟಿಗೆ ಏನೂ ಕಾಣದೆ, ಮುಂದಿನ ವರ್ಷದ ಗಿಡದಲ್ಲಿ ತಳಿ ಕೆಟ್ಟಿರುವುದು ತಿಳಿಯುತ್ತದೆ. ಆದ್ದರಿಂದ ಆರೋಗ್ಯವಂತ ಗಿಡವೊಂದನ್ನು ಆರಿಸಿ, ಮೊಗ್ಗು ಅರಳುವ ಮೊದಲೇ ಕೊಂಬೆಗೆ ತೆಳು ಬಟ್ಟೆಯ ಚೀಲವನ್ನು ಕಟ್ಟಿ, ಹೂವರಳಿದ ದಿನಗಳಲ್ಲಿ ಕೊಂಬೆಯನ್ನು ಮೆಲ್ಲಗೆ ಅಲುಗಿಸಿ, ಕಾಯಿ ಕಟ್ಟಿದ ಮೇಲೆ ಚೀಲ ಬಿಚ್ಚಿ ತೊಟ್ಟಿಗೆ ಗುರುತಿನ ದಾರ ಕಟ್ಟಬೇಕು. ಪೂರ್ತಿ ಹಣ್ಣಾದ ಆ ಕಾಯಿಗಳ ಬೀಜವನ್ನು ನೆರಳಿನಲ್ಲಿ ಒಣಗಿಸಿ, ಗಾಳಿಯಾಡದ ಶೀಸೆಯಲ್ಲಿ ತುಂಬಿ, ತಳಿಯ ಹೆಸರನ್ನೂ ವರ್ಷವನ್ನೂ ಬರೆದಿಟ್ಟು, ಹೆಚ್ಚಾದದ್ದನ್ನು ನೆರೆಮನೆಯವರಿಗೂ ಕೊಡಿ.

ನಮಸ್ಕಾರ.