ಎರಡು ಕಿರುಬೆರಳಿನ ಕಿಟಕಿ

ಕೇಳುಗರೆಲ್ಲರಿಗೂ ನಮಸ್ಕಾರ.

ಮಾತು ಶುರುಮಾಡುವ ಮುಂಚೆ ಒಂದು ಸಣ್ಣ ಕೆಲಸ. ಕೂತಲ್ಲೇ ಒಂದು ಕೈಯನ್ನು ಮುಂದಕ್ಕೆ ಪೂರ್ತಿ ಚಾಚಿ. ಗಾಡಿ ಓಡಿಸುತ್ತಿದ್ದರೆ ಬೇಡ, ಆಮೇಲೆ ಮಾಡಿ. ಕಿರುಬೆರಳನ್ನು ಮಾತ್ರ ಎತ್ತಿ, ಒಂದು ಕಣ್ಣು ಮುಚ್ಚಿ ನೋಡಿ. ಆ ಬೆರಳು ಮರೆಮಾಡುವ ಅಗಲ ಹೆಚ್ಚುಕಡಿಮೆ ಒಂದು ಡಿಗ್ರಿ. ಅಂಥ ಎರಡು ಬೆರಳು ಪಕ್ಕಪಕ್ಕ ಇಟ್ಟರೆ ಎಷ್ಟಾಗುತ್ತದೋ ಅಷ್ಟೇ ನೋಡಿ, ಜೇಬಿಗೆ ಹಿಡಿಸುವ 40 ಪಟ್ಟು ಜೂಮಿನ ಕ್ಯಾಮೆರಾಕ್ಕೆ ತುದಿ ಜೂಮಿನಲ್ಲಿ ಕಾಣುವ ಲೋಕ. ಇವತ್ತು ನಾನು ಮಾತಾಡುವುದು ಆ ಎರಡು ಬೆರಳಗಲದ ಕಿಟಕಿಯ ಬಗ್ಗೆ.

ಇಂಥ ಕ್ಯಾಮೆರಾ ಕೈಗೆ ಬಂದ ಮೊದಲ ದಿನ ನನಗೆ ಇದೆಲ್ಲ ಗೊತ್ತಿರಲಿಲ್ಲ. ಎದುರಿನ ತಂತಿಯ ಮೇಲೆ ಒಂದು ಮಿಂಚುಳ್ಳಿ ಕೂತಿತ್ತು. ಡಬ್ಬದ ಮೇಲೆ 40 ಪಟ್ಟು ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದರಲ್ಲ, ಸರಿ ಅಂತ ಜೂಮ್ ಪೂರ್ತಿ ಎಳೆದೆ. ಪರದೆ ತುಂಬ ಆಕಾಶ. ಸ್ವಲ್ಪ ಕೆಳಗಿಳಿಸಿದೆ, ತಂತಿ ಸಿಕ್ಕಿತು. ತಂತಿಯನ್ನೇ ಹಿಡಿದು ಎಡಕ್ಕೆ ಹೋದೆ. ತಂತಿ, ತಂತಿ, ತಂತಿ. ಬಲಕ್ಕೆ ಬಂದೆ. ಕೊನೆಗೊಮ್ಮೆ ಪರದೆಯಲ್ಲಿ ನೀಲಿ ಮಿಂಚಿತು. ಹಕ್ಕಿ ಹಾರಿಹೋಗುತ್ತಿತ್ತು. ಅವತ್ತಿನ ಫೋಟೊಗಳಲ್ಲಿ ತಂತಿ ಮಾತ್ರ ಬಹಳ ಚೆನ್ನಾಗಿ ಬಂದಿದೆ.

ಇಂಥ ಕ್ಯಾಮೆರಾ ನಿಮಗೆ ಬೇಕಾ ಅನ್ನುವುದನ್ನು ಮೊದಲು ಕೇಳಿಕೊಳ್ಳಿ. ಜೊತೆಗಿರುವವರ ಮುಖ, ಕೋಣೆಯ ಒಳಗಿನ ನೋಟ, ರಾತ್ರಿಯ ಬೀದಿ, ಇವಕ್ಕೆಲ್ಲ ಒಳ್ಳೆಯ ಫೋನ್ ಸಾಕು. ಸಾಕು ಅನ್ನುವುದೇನು, ಮಂದ ಬೆಳಕಿನಲ್ಲಿ ಅದೇ ವಾಸಿ. ಒಂದು ಸಲ ಒತ್ತಿದರೆ ಫೋನು ಹಲವು ಚಿತ್ರ ತೆಗೆದು, ಒಂದರ ಮೇಲೊಂದು ಕೂಡಿಸಿ, ಚೊಕ್ಕ ಮಾಡಿ ಕೊಡುತ್ತದೆ. ಸೂಪರ್‌ಜೂಮ್, ಅಂದರೆ ಇಂಥ ಉದ್ದ ಜೂಮಿನ ಕ್ಯಾಮೆರಾ, ಇರುವುದು ದೂರಕ್ಕೆ. ಮರದ ತುದಿಯ ಹಕ್ಕಿ, ಗೋಪುರದ ಮೇಲಿನ ಕೆತ್ತನೆ, ಮೈದಾನದ ಆಚೆ ಬದಿಯಲ್ಲಿ ಓಡುತ್ತಿರುವ ನಿಮ್ಮ ಮಗು. ಹತ್ತಿರ ಹೋಗಲು ಆಗದ್ದು ನಿಮ್ಮ ದಿನಗಳಲ್ಲಿ ಎಷ್ಟಿದೆ? ಜಾಸ್ತಿ ಇಲ್ಲದಿದ್ದರೆ ದುಡ್ಡು ಉಳಿಸಿಕೊಳ್ಳಿ.

ಇದೆ ಅನ್ನುವವರಿಗೆ ಇನ್ನೊಂದು ಮಾತು. ಅಂಗಡಿಯಲ್ಲಿ ಸಾಲುಸಾಲಾಗಿ ಹೊಸ ಮಾದರಿಗಳು ಇರುತ್ತವೆ ಅಂತ ಕಾಯಬೇಡಿ. ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದಲ್ಲಿ 2010ರಲ್ಲಿ ಎಲ್ಲ ಬಗೆಯವೂ ಸೇರಿ 12 ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮೆರಾಗಳು ಕಾರ್ಖಾನೆ ಬಿಟ್ಟಿದ್ದವು. 2023ರಲ್ಲಿ 80 ಲಕ್ಷವೂ ಇಲ್ಲ. ಪಾಪ, ಏಟು ಜೋರಾಗಿ ಬಿದ್ದದ್ದು ಜೇಬಿನ ಕ್ಯಾಮೆರಾಗಳಿಗೇ. ಹಾಗಾಗಿ ಇವತ್ತಿಗೂ ಜನ ಹುಡುಕುವುದು 2018, 2019ರ ಮಾದರಿಗಳನ್ನು. ಕ್ಯಾನನ್ ಪವರ್‌ಶಾಟ್ ಎಸ್‌ಎಕ್ಸ್ 740, ಸೋನಿ ಎಚ್‌ಎಕ್ಸ್ 99, ಪ್ಯಾನಸೋನಿಕ್ ಟಿಝಡ್ 95, ಇವು ಆ ಕಾಲದವು. 2025ರಲ್ಲಿ ಬಂದ ಪ್ಯಾನಸೋನಿಕ್ ಟಿಝಡ್ 99 ಕೂಡ ಹೆಚ್ಚಿನಂಶ ಹಳೆಯದೇ. ಚಾರ್ಜಿಂಗ್ ಕಿಂಡಿ ಹೊಸದಾಯಿತು, ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಹೋಯಿತು. ನನ್ನ ಲೆಕ್ಕದಲ್ಲಿ ಇದು ನಷ್ಟದ ವ್ಯಾಪಾರ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಈ ‘ಪಟ್ಟು’ ಅನ್ನುವ ಅಂಕಿಯೇ ಒಂದು ಮೋಜು. ಅದು ಬರಿಗಣ್ಣಿಗಿಂತ ಎಷ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವ ಲೆಕ್ಕ ಅಲ್ಲ. ಲೆನ್ಸಿನ ಉದ್ದ ತುದಿಯ, ಅಂದರೆ ಜೂಮ್ ಪೂರ್ತಿ ಎಳೆದಾಗಿನ, ಮಿಲಿಮೀಟರ್ ಅಂಕಿಯನ್ನು ಗಿಡ್ಡ ತುದಿಯ ಅಂಕಿಯಿಂದ ಭಾಗಿಸಿದರೆ ಬರುವ ಸಂಖ್ಯೆ, ಅಷ್ಟೇ. 24 ಮಿಲಿಮೀಟರ್‌ನಿಂದ 960ರವರೆಗೆ ಹೋದರೆ 40 ಪಟ್ಟು. 24ರಿಂದ 720 ಆದರೆ 30 ಪಟ್ಟು. ಕಣ್ಣಿಗೆ ಸಹಜ ಅನ್ನಿಸುವ ನೋಟ ಸುಮಾರು 50 ಮಿಲಿಮೀಟರ್‌ನದು. ಅಲ್ಲಿಂದ ಎಣಿಸಿದರೆ ಆ 40 ಪಟ್ಟು ಕ್ಯಾಮೆರಾ ತರುವ ಹಿಗ್ಗು 20 ಪಟ್ಟಿಗೂ ಸ್ವಲ್ಪ ಕಡಿಮೆಯೇ. ಇನ್ನು ಡಿಜಿಟಲ್ ಜೂಮ್ ಅಂತ ಪಕ್ಕದಲ್ಲಿ ಬರೆದಿರುತ್ತದಲ್ಲ, ಅದನ್ನು ಓದಲೇಬೇಡಿ. ಅದು ಇದ್ದ ಚಿತ್ರವನ್ನೇ ಕತ್ತರಿಸಿ ಹಿಗ್ಗಿಸುವುದು. ಮೆನುವಿನಲ್ಲಿ ಮೊದಲ ದಿನವೇ ಆಫ್ ಮಾಡಿ.

ಅಷ್ಟು ಉದ್ದದ ಲೆನ್ಸ್ ಜೇಬಿಗೆ ಹೇಗೆ ಹಿಡಿಸುತ್ತದೆ ಅಂತ ನಿಮಗೆ ಅನ್ನಿಸಿರಬಹುದು. ಗುಟ್ಟು ಸೆನ್ಸಾರ್‌ನಲ್ಲಿದೆ. ಬೆಳಕು ಬಿದ್ದು ಚಿತ್ರ ಮೂಡುವ ಜಾಗ ಅದು. ನಾನು ಹೆಸರಿಸಿದ ಕ್ಯಾಮೆರಾಗಳಲ್ಲಿ ಅದು ಸುಮಾರು 6 ಮಿಲಿಮೀಟರ್ ಅಗಲ, ನಾಲ್ಕೂವರೆ ಎತ್ತರ. ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಹಳೆಯ ಫಿಲ್ಮಿನ ಒಂದು ಚೌಕಟ್ಟು 36ಕ್ಕೆ 24 ಮಿಲಿಮೀಟರ್, ಅಂದರೆ ಇದರ 30 ಪಟ್ಟು ಜಾಗ. ಸೆನ್ಸಾರ್ ಇಷ್ಟು ಪುಟ್ಟದಾದ್ದರಿಂದಲೇ ಲೆನ್ಸೂ ಪುಟ್ಟದಾಗಿ ಮುಗಿಯುತ್ತದೆ. 960 ಅನ್ನುವುದು ಹಳೆಯ ಫಿಲ್ಮಿಗೆ ಹೋಲಿಸಿ ಹೇಳುವ ಅಂಕಿ. ಲೆನ್ಸಿನ ನಿಜವಾದ ಅಂಕಿ 172 ಮಿಲಿಮೀಟರ್ ಮಾತ್ರ.

ಪೆಟ್ಟಿಗೆಯ ಮೇಲೆ ಈ ಸೆನ್ಸಾರನ್ನು 1/2.3 ಇಂಚು ಅಂತ ಕರೆದಿರುತ್ತಾರೆ. ಅಳತೆಪಟ್ಟಿ ಇಟ್ಟು ನೋಡಿದರೆ ಅದರಲ್ಲಿ ಆ ಅಳತೆ ಎಲ್ಲಿಯೂ ಸಿಗುವುದಿಲ್ಲ. ಹಳೆಯ ಟಿವಿ ಕ್ಯಾಮೆರಾಗಳ ಗಾಜಿನ ಕೊಳವೆಯ ಹೊರವ್ಯಾಸ ಹಿಡಿದು ಹೆಸರಿಡುತ್ತಿದ್ದ ಕಾಲದ ಪಳೆಯುಳಿಕೆ ಅದು. ಕೊಳವೆ ಹೋಯಿತು, ಹೆಸರು ಉಳಿಯಿತು.

ಪುಟ್ಟ ಸೆನ್ಸಾರ್ ಅಂದರೆ ಕಡಿಮೆ ಬೆಳಕು. ಜೂಮ್ ಎಳೆದಂತೆ, ಲೆನ್ಸಿನ ಉದ್ದಕ್ಕೆ ಹೋಲಿಸಿದರೆ ಅದರ ಬಾಯಿಯೂ ಕಿರಿದಾಗುತ್ತದೆ. ಇದನ್ನು ಹೇಳುವುದು ಎಫ್ ಅಂಕಿ, ಅಂಕಿ ದೊಡ್ಡದಾದಷ್ಟು ಬಾಯಿ ಕಿರಿದು. ಗಿಡ್ಡ ತುದಿಯಲ್ಲಿ ಎಫ್ 3.3 ಇದ್ದದ್ದು ಉದ್ದ ತುದಿಯಲ್ಲಿ ಎಫ್ 6.9. ಬೆಳಕು ಕಾಲುಭಾಗಕ್ಕಿಂತಲೂ ಕಡಿಮೆ. ಅಷ್ಟು ಕಿರಿದಾದ ಬಾಯಿಯಲ್ಲಿ ಹಾದುಬರುವ ಬೆಳಕು ಚದುರುತ್ತದೆ ಕೂಡ. ಒಂದು ಸೂಜಿಮೊನೆಯಷ್ಟು ಬೆಳಕು ಸೆನ್ಸಾರಿನ ಮೇಲೆ ಏಳೆಂಟು ಪಿಕ್ಸೆಲ್ ಅಗಲಕ್ಕೆ ಹರಡಿಬಿಡುತ್ತದೆ. ಹಾಗಿರುವಾಗ 20 ಮೆಗಾಪಿಕ್ಸೆಲ್ ಆದರೇನು, 12 ಆದರೇನು? ತುದಿ ಜೂಮಿನ ಫೋಟೊದಲ್ಲಿ ಹಕ್ಕಿಯ ಪುಕ್ಕ ಬ್ರಷ್ಷಿನಲ್ಲಿ ಬಳಿದಂತೆ ಕಂಡರೆ ಕ್ಯಾಮೆರಾ ಕೆಟ್ಟಿದೆ ಅಂದುಕೊಳ್ಳಬೇಡಿ. ಅದರ ಮಿತಿಯೇ ಅಷ್ಟು.

ಇದು ಸಾಲದು ಅನ್ನುವವರಿಗೆ ಒಂದು ಇಂಚು ಅಂತ ಕರೆಯುವ ಸೆನ್ಸಾರ್ ಇರುವ ಜೇಬಿನ ಕ್ಯಾಮೆರಾಗಳಿವೆ. ಜಾಗ ನಾಲ್ಕು ಪಟ್ಟು, ಚಿತ್ರ ಎದ್ದು ಕಾಣುವಷ್ಟು ಚೆನ್ನ. ಆದರೆ ಜೂಮ್ ತಗ್ಗುತ್ತದೆ. ಪ್ಯಾನಸೋನಿಕ್ ಟಿಝಡ್ 200 ಮುಟ್ಟುವುದು 360ರವರೆಗೆ, ಸೋನಿ ಆರ್‌ಎಕ್ಸ್ 100ರ ಏಳನೇ ಆವೃತ್ತಿ 200ರವರೆಗೆ. ಬೆಲೆಯೂ ಏರುತ್ತದೆ. ಪ್ರವಾಸದ ಚಿತ್ರಗಳೇ ಮುಖ್ಯ, ಹಕ್ಕಿ ಸಿಕ್ಕರೆ ಸಿಕ್ಕಲಿ ಅನ್ನುವವರು ಇದನ್ನೇ ನೋಡಿ. ಹಕ್ಕಿಯ ಹುಚ್ಚಿದ್ದರೆ ಪುಟ್ಟ ಸೆನ್ಸಾರಿನ ಉದ್ದ ಜೂಮಿಗೇ ಬನ್ನಿ.

ಈಗ ವ್ಯೂಫೈಂಡರ್ ವಿಷಯ. ಬಿಸಿಲಿನಲ್ಲಿ ಹಿಂದಿನ ಪರದೆ ಸರಿಯಾಗಿ ಕಾಣುವುದಿಲ್ಲ, ಅದೊಂದು ಕಾರಣ. ದೊಡ್ಡ ಕಾರಣ ಬೇರೆ ಇದೆ. ಪರದೆ ನೋಡಬೇಕಾದರೆ ಕೈ ಮುಂದಕ್ಕೆ ಚಾಚಬೇಕು. ಚಾಚಿದ ಕೈ ನಡುಗುತ್ತದೆ. ಕಣ್ಣಿಗೆ ಒತ್ತಿ ಹಿಡಿದರೆ ಎರಡು ಮೊಣಕೈ ಪಕ್ಕೆಗೆ ಅಂಟಿಕೊಳ್ಳುತ್ತವೆ, ಹಣೆ ಮೂರನೇ ಆಸರೆ ಆಗುತ್ತದೆ. ಎರಡು ಬೆರಳಗಲದ ಕಿಟಕಿಯಲ್ಲಿ ಹಕ್ಕಿ ನಿಲ್ಲುವುದು ಆಗಲೇ. ನಾನು ಮೊದಲು ಕೊಂಡದ್ದರಲ್ಲಿ ವ್ಯೂಫೈಂಡರ್ ಇರಲಿಲ್ಲ. ಎರಡನೆಯದರಲ್ಲಿದೆ. ಅದಕ್ಕಾಗಿ 40 ಪಟ್ಟು ಬಿಟ್ಟು 30ಕ್ಕೆ ಇಳಿದೆ. ಒಂದು ದಿನವೂ ಬೇಜಾರಾಗಿಲ್ಲ.

ಬಳಸಿದ ಕ್ಯಾಮೆರಾ ಕೊಳ್ಳುವುದಾದರೆ ಒಂದೇ ಒಂದು ಪರೀಕ್ಷೆ ತಪ್ಪಿಸಬೇಡಿ. ಜೂಮ್ ತುದಿಗೆ ತಂದು, ಮೋಡವಿಲ್ಲದ ಆಕಾಶದ್ದೋ ಬಿಳಿ ಗೋಡೆಯದ್ದೋ ಒಂದು ಫೋಟೊ ತೆಗೆಯಿರಿ. ಅದರಲ್ಲಿ ಬೂದು ಕಲೆಗಳು ಕಂಡರೆ ಒಳಗೆ ಧೂಳಿದೆ. ಲೆನ್ಸಿನ ಕೊಳವೆ ಹೊರಗೆ ಬಂದು ಒಳಗೆ ಹೋಗುವಾಗ ಗಾಳಿ ಎಳೆದುಕೊಳ್ಳುತ್ತದೆ, ಗಾಳಿಯ ಜೊತೆ ಧೂಳೂ ಹೋಗುತ್ತದೆ. ಲೆನ್ಸ್ ಬಿಚ್ಚುವಂಥದ್ದಲ್ಲವಲ್ಲ, ಒರೆಸಲು ದಾರಿಯಿಲ್ಲ. ಪೂರ್ತಿ ಬಿಚ್ಚಿಸಬೇಕು. ಹೊಸದನ್ನು ಕೊಂಡವರೂ ಬರೀ ಜೇಬಿಗೆ ಹಾಕದೆ ಒಂದು ಸಣ್ಣ ಚೀಲದಲ್ಲಿಟ್ಟುಕೊಳ್ಳಿ. ನನ್ನ ಮೊದಲನೆಯದು ಕೆಟ್ಟದ್ದೇ ಜೇಬಿನ ಧೂಳಿನಿಂದ.

ಕಲಿಯುವ ಕೆಲಸಕ್ಕೆ ಬರೋಣ. ಫೋನಿನಿಂದ ಬಂದವರಿಗೆ ಮೊದಲ ತೊಡಕು ಶಟರ್ ಬಟನ್. ಇದನ್ನು ಎರಡು ಹಂತದಲ್ಲಿ ಒತ್ತಬೇಕು. ಬೆರಳಿಟ್ಟು ಮೆಲ್ಲಗೆ ಒತ್ತುತ್ತಾ ಹೋದರೆ ಅರ್ಧದಲ್ಲಿ ಒಂದು ಸಣ್ಣ ತಡೆ ಸಿಗುತ್ತದೆ. ಅಲ್ಲೇ ನಿಲ್ಲಿಸಿ. ಹಸಿರು ಚೌಕ ಬರುತ್ತದೆ, ಕೆಲವದರಲ್ಲಿ ಬೀಪ್ ಅನ್ನುತ್ತದೆ. ಫೋಕಸ್ ಆಯಿತು ಅಂತ ಅರ್ಥ. ಆಮೇಲೆ ಉಸಿರು ಬಿಟ್ಟು, ಬೆರಳನ್ನು ಇನ್ನಷ್ಟು ಇಳಿಸಿ. ಕುಟ್ಟಬೇಡಿ, ಹಿಂಡಿ. ಒಂದೇ ಏಟಿಗೆ ಪೂರ್ತಿ ಒತ್ತಿದರೆ ಕ್ಯಾಮೆರಾ ಮೂತಿ ತಗ್ಗಿಸುತ್ತದೆ. ಹಕ್ಕಿ ಇದ್ದಲ್ಲಿ ಕೊಂಬೆ ಬರುವುದು ಹಾಗೇ.

ಹಕ್ಕಿಯನ್ನು ಹುಡುಕುವ ಬಗೆ ಗೊತ್ತಾದರೆ ಅರ್ಧ ಗೆದ್ದ ಹಾಗೆ. ಜೂಮ್ ಪೂರ್ತಿ ಹಿಂದಕ್ಕೆ ತನ್ನಿ. ಹಕ್ಕಿ ಚುಕ್ಕಿಯಷ್ಟೇ ಕಂಡರೂ ಸರಿ, ಅದನ್ನು ನಡುಮಧ್ಯಕ್ಕೆ ಇಟ್ಟುಕೊಂಡು ಸ್ವಲ್ಪ ಜೂಮ್ ಮಾಡಿ. ನಡುವಿನಿಂದ ಜಾರಿದರೆ ಮತ್ತೆ ನಡುವಿಗೆ ತನ್ನಿ, ಮತ್ತೆ ಸ್ವಲ್ಪ. ಹಕ್ಕಿ ಎಲ್ಲಿದೆ ಅನ್ನುವುದಕ್ಕೆ ಗುರುತೂ ಇಟ್ಟುಕೊಳ್ಳಿ, ಒಣಗಿದ ಕೊಂಬೆಯೋ ತಂತಿಯ ಗಂಟೋ. ಕೆಲವು ಕ್ಯಾಮೆರಾಗಳಲ್ಲಿ ಇದಕ್ಕೆಂದೇ ಒಂದು ಬಟನ್ ಇದೆ. ಒತ್ತಿ ಹಿಡಿದರೆ ನೋಟ ಅಗಲವಾಗುತ್ತದೆ, ಬಿಟ್ಟರೆ ಮೊದಲಿನ ಜೂಮಿಗೇ ಮರಳುತ್ತದೆ. ನಿಮ್ಮದರಲ್ಲಿ ಇದ್ದರೆ ಬೆರಳಿಗೆ ರೂಢಿ ಮಾಡಿಸಿ.

ಇನ್ನು ನಡುಕ. ಹಳೆಯ ಲೆಕ್ಕದ ಪ್ರಕಾರ 720 ಮಿಲಿಮೀಟರ್ ನೋಟಕ್ಕೆ ಸೆಕೆಂಡಿನ 720ನೇ ಒಂದು ಪಾಲಾದರೂ ವೇಗ ಬೇಕು, ಅಂದರೆ ಬೆಳಕು ಒಳಗೆ ಬರುವ ಹೊತ್ತು ಅಷ್ಟೇ ಇರಬೇಕು. ಒಳಗೆ ನಡುಕ ತಡೆಯುವ ಏರ್ಪಾಡು ಇರುವುದರಿಂದ ಕೂತ ಹಕ್ಕಿಗೆ 250ನೇ ಒಂದು ಪಾಲು ನನಗೆ ಸಾಕಾಗಿದೆ. ಆದರೆ ಆ ಏರ್ಪಾಡು ತಡೆಯುವುದು ನಿಮ್ಮ ಕೈಯ ನಡುಕವನ್ನು. ಹಕ್ಕಿ ತಲೆ ತಿರುಗಿಸಿದರೆ ಅದಕ್ಕೇನು ಮಾಡಲಾಗುತ್ತದೆ? ಬಂದ ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸಿಕೊಳ್ಳಬೇಕು ಅನ್ನುವ ಅಂಕಿಗೆ ಐಎಸ್‌ಒ ಅನ್ನುತ್ತಾರೆ. ಒಳ್ಳೆಯ ಬಿಸಿಲಿದ್ದರೆ ಐಎಸ್‌ಒ 100ರಲ್ಲೇ ಈ ವೇಗ ಸಲೀಸಾಗಿ ಸಿಗುತ್ತದೆ. ಮೋಡ ಕವಿದರೆ 300ರ ಹತ್ತಿರ ಬೇಕು. ಮರದ ನೆರಳಿಗೆ ಹೋದರೆ 1000 ದಾಟುತ್ತದೆ, ಅಲ್ಲಿಗೆ ಚಿತ್ರ ಮರಳು ಮರಳಾಗುತ್ತದೆ. ಹಾಗಾಗಿ ಈ ಕ್ಯಾಮೆರಾ ಹಿಡಿದವರು ಬೆಳಕು ಎಲ್ಲಿ ಬಿದ್ದಿದೆ ಅಂತ ಮೊದಲು ನೋಡಬೇಕು, ಹಕ್ಕಿ ಎಲ್ಲಿದೆ ಅಂತ ಆಮೇಲೆ. ಸ್ವಲ್ಪ ವಿಚಿತ್ರ ಅನ್ನಿಸುತ್ತದೆ, ಅಲ್ವಾ?

ಬಿಸಿಲು ಅಂದೆ ಅಂತ ನಡುಮಧ್ಯಾಹ್ನ ಹೊರಡಬೇಡಿ. ಕಾದ ನೆಲದ ಮೇಲೆ ಗಾಳಿ ಕುದಿಯುತ್ತಿರುತ್ತದೆ. ದೂರದ ವಸ್ತುವಿನ ಜೊತೆ ನಡುವಿನ ಆ ಗಾಳಿಯನ್ನೂ ಜೂಮ್ ಹಿಗ್ಗಿಸುತ್ತದೆ. ಮೂರು ಫರ್ಲಾಂಗ್ ಆಚೆಯ ಗೋಪುರ ನೀರೊಳಗಿದ್ದಂತೆ ಅಲುಗುತ್ತದೆ. ಯಾವ ಸೆಟ್ಟಿಂಗೂ ಇದಕ್ಕೆ ಮದ್ದಲ್ಲ. ಬೆಳಿಗ್ಗೆ ಎದ್ದು ಹೋಗಬೇಕು.

ಮೋಡ್ ವಿಷಯದಲ್ಲಿ ತಲೆ ಕೆಡಿಸಿಕೊಳ್ಳಬೇಡಿ. ಸುಮ್ನೆ ವೇಗ, ಬಾಯಿ ಎರಡನ್ನೂ ಕ್ಯಾಮೆರಾವೇ ನೋಡಿಕೊಳ್ಳುವ ‘ಪಿ’ಯಲ್ಲಿಟ್ಟು, ಚಿತ್ರವನ್ನು ಬೆಳಗಿಸುವ ಇಲ್ಲವೇ ಕಪ್ಪಾಗಿಸುವ, ಪ್ಲಸ್ ಮೈನಸ್ ಇರುವ ಎಕ್ಸ್‌ಪೋಷರ್ ಬಟನ್ ಒಂದನ್ನು ಕಲಿಯಿರಿ. ಬಿಳಿ ಆಕಾಶದ ಮುಂದೆ ಹಕ್ಕಿ ಕಪ್ಪಗೆ ಬಂದರೆ ಪ್ಲಸ್ ಒಂದು. ಕಪ್ಪು ನೀರಿನ ಮುಂದೆ ಬಿಳಿ ಕೊಕ್ಕರೆ ಸುಣ್ಣದ ಮುದ್ದೆಯಾದರೆ ಮೈನಸ್ ಒಂದು.

ಹಾರದ, ಓಡದ, ಬೇಜಾರು ಮಾಡಿಕೊಳ್ಳದ ಅಭ್ಯಾಸದ ವಸ್ತು ಬೇಕಾದರೆ ಚಂದ್ರ ಇದ್ದಾನೆ. ಅವನ ಅಗಲ ನಿಮ್ಮ ಕಿರುಬೆರಳಿನ ಅರ್ಧ ಮಾತ್ರ. ನಂಬಿಕೆ ಬರದಿದ್ದರೆ ಇವತ್ತು ರಾತ್ರಿ ಕೈ ಚಾಚಿ ನೋಡಿ. ತುದಿ ಜೂಮಿನಲ್ಲೂ ಅವನು ಚೌಕಟ್ಟಿನ ಎತ್ತರದಲ್ಲಿ ಮೂರರಲ್ಲೊಂದು ಪಾಲು ತುಂಬಿದರೆ ಹೆಚ್ಚು. ಕ್ಯಾಮೆರಾಕ್ಕೆ ಬಿಟ್ಟರೆ ಸುತ್ತಲಿನ ಕತ್ತಲು ನೋಡಿ ಹೆದರಿ, ಅವನನ್ನು ಬರೀ ಬಿಳಿ ಬಿಲ್ಲೆ ಮಾಡುತ್ತದೆ. ಚಂದ್ರನ ಮೇಲೆ ಬಿದ್ದಿರುವುದೂ ಬಿಸಿಲೇ. ಎಲ್ಲವನ್ನೂ ನಾವೇ ಹೇಳಬೇಕಾದ ‘ಎಂ’ ಮೋಡಿಗೆ ಹೋಗಿ ಐಎಸ್‌ಒ 100, ವೇಗ 250ನೇ ಒಂದು ಪಾಲು, ಲೆನ್ಸಿನ ಬಾಯಿ ಎಷ್ಟು ತೆರೆಯುತ್ತದೋ ಅಷ್ಟು. ಕ್ಯಾಮೆರಾವನ್ನು ಗೋಡೆಯ ಮೇಲಿಟ್ಟು, ಎರಡು ಸೆಕೆಂಡಿನ ಟೈಮರ್ ಹಾಕಿ ಕೈ ತೆಗೆಯಿರಿ. ಹುಣ್ಣಿಮೆಗೆ ಕಾಯಬೇಕಿಲ್ಲ. ಅರ್ಧ ಚಂದ್ರನಲ್ಲೇ ಕುಳಿಗಳ ನೆರಳು ಚೆನ್ನಾಗಿ ಕಾಣುವುದು.

ನನ್ನ ಮಿಂಚುಳ್ಳಿ ಈಗಲೂ ಅದೇ ತಂತಿಗೆ ಬರುತ್ತದೆ. ಅದೋ, ಅದರ ಮಕ್ಕಳೋ. ಮೊನ್ನೆ ಬೆಳಿಗ್ಗೆ ಬೆಳಕು ಸರಿಯಾಗಿತ್ತು. ಗೋಡೆಗೆ ಒರಗಿ ನಿಂತೆ. ಚುಕ್ಕಿಯಿಂದ ಶುರುಮಾಡಿ ಮೆಲ್ಲಗೆ ಜೂಮ್ ಎಳೆದೆ, ಹಸಿರು ಚೌಕ ಬಂತು, ಉಸಿರು ಬಿಟ್ಟು ಹಿಂಡಿದೆ. ಒಂದೊಂದು ಪುಕ್ಕವೂ ಎಣಿಸುವಷ್ಟು ಚೆನ್ನಾಗಿ ಬಂದಿದೆ. ಬೆನ್ನಿನದು. ಮುಖ ಆಚೆ ಕಡೆಗಿತ್ತು.

ನಮಸ್ಕಾರ.