ನೀಲಿ ಬಂದ ದಿನ

ಎಲ್ಲರಿಗೂ ನಮಸ್ಕಾರ.

ಮಕ್ಕಳ ದಿನಾಚರಣೆಗೆ ನಾನೇನು ಮಾತಾಡಲಿ ಎಂದು ಹೆಡ್‌ಮಾಸ್ಟರನ್ನು ಕೇಳಿದ್ದೆ. "ನಿಮ್ಮ ತಂಗಿ ಬಗ್ಗೆ ಮಾತಾಡಿ. ಅವಳೂ ಇದೇ ಶಾಲೆಯವಳು ಅಲ್ವಾ?" ಎಂದರು. ಬರುವಾಗ ಅವಳ ನೋಟ್‌ಪುಸ್ತಕವನ್ನೂ ತಂದಿದ್ದೇನೆ.

ಮನೆಯಲ್ಲಿ ಅವಳು ಪುಟ್ಟಿ. ನನಗಿಂತ ಐದು ವರ್ಷ ಚಿಕ್ಕವಳು. 1986ರಲ್ಲಿ ಹುಟ್ಟಿದಳು, 2005ರ ಮಳೆಗಾಲದಲ್ಲಿ ಹೋದಳು. ಆಗ ಅವಳಿಗೆ 19 ವರ್ಷ.

ಪುಟ್ಟಿಗೆ ಬಸ್ ಕಂಡಕ್ಟರ್ ಆಗಬೇಕಿತ್ತು. ಡಾಕ್ಟರ್, ಟೀಚರ್ ಯಾವುದೂ ಅಲ್ಲ. ನಮ್ಮ ಕಡೆ ಆಗ ಸಹಕಾರ ಸಾರಿಗೆ ಬಸ್ ಓಡುತ್ತಿತ್ತು, ಕೆಲಸಗಾರರೇ ಸೇರಿ ನಡೆಸುತ್ತಿದ್ದ ಬಸ್ಸು. ಕೊಪ್ಪದಿಂದ ತೀರ್ಥಹಳ್ಳಿಯವರೆಗಿನ ಸ್ಟಾಪುಗಳೆಲ್ಲ ಅವಳಿಗೆ ಬಾಯಿಪಾಠ. ಮನೆಯ ಜಗಲಿ ಮೇಲೆ ನಮ್ಮನ್ನೆಲ್ಲ ಸಾಲಾಗಿ ಕೂರಿಸಿ ಹಳೇ ಟಿಕೆಟ್ ಹರಿದು ಕೊಡುತ್ತಿದ್ದಳು. ಅಜ್ಜಿಗೆ ಮಾತ್ರ ಯಾವಾಗಲೂ ಮುಂದಿನ ಸೀಟು. ಅಪ್ಪಯ್ಯ ಚಿಲ್ಲರೆ ಇಲ್ಲ ಎಂದರೆ "ಇಳೀರಿ ಕೆಳಗೆ" ಎಂದು ಸೀಟಿ ಊದುತ್ತಿದ್ದಳು. ಅಪ್ಪಯ್ಯ ನಿಜವಾಗಿಯೂ ಎದ್ದು ಅಂಗಳಕ್ಕೆ ಇಳಿಯುತ್ತಿದ್ದರು.

1995ರ ಬೇಸಿಗೆಯಲ್ಲಿ ಅವಳು ಒಂದೇ ಸಮ ನೀರು ಕುಡಿಯಲು ಶುರು ಮಾಡಿದಳು. ಚೊಂಬಿಗೆ ಚೊಂಬು. ರಾತ್ರಿ ನಾಲ್ಕೈದು ಸಲ ಎದ್ದು ಬಚ್ಚಲಿಗೆ ಹೋಗುತ್ತಿದ್ದಳು. ಎಷ್ಟೋ ವರ್ಷದ ಹಿಂದೆ ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾಯಿತು. ಚೆನ್ನಾಗಿ ತಿಂದರೂ ಸಣ್ಣಗಾದಳು. ಬಿಸಿಲಿಗೆ ಹೀಗಾಗುತ್ತೆ ಎಂದರು ಕೆಲವರು. ತೋರಿಸಿದ ಕಡೆ ಹುಳುವಿನ ಮಾತ್ರೆ ಕೊಟ್ಟು ಕಳಿಸಿದರು. ಕೊನೆಗೆ ಗಮನಿಸಿದ್ದು ಅಮ್ಮ. ಪುಟ್ಟಿ ಮೂತ್ರ ಮಾಡಿದ ಜಾಗಕ್ಕೆ ಇರುವೆ ಮುತ್ತುತ್ತಿದ್ದವು. ಅಮ್ಮ ಅದನ್ನೇ ಹೇಳಿದರು, ಶಿವಮೊಗ್ಗದಲ್ಲಿ ರಕ್ತ ಪರೀಕ್ಷೆ ಆಯಿತು. ಸಕ್ಕರೆ ಕಾಯಿಲೆ, ಟೈಪ್ 1.

ಒಂಬತ್ತು ವರ್ಷದ ಮಗುವಿಗೆ ಸಕ್ಕರೆ ಕಾಯಿಲೆಯಾ ಎಂದು ಊರೆಲ್ಲ ಕೇಳಿತು. ಜಾಸ್ತಿ ಸಿಹಿ ತಿನ್ನಿಸಿದ್ದೀರಿ ಎಂದು ಅಮ್ಮನ ಮುಖಕ್ಕೇ ಹೇಳಿದವರಿದ್ದಾರೆ. ಅಮ್ಮ ಎಷ್ಟೋ ದಿನ ಅದನ್ನೇ ನಂಬಿಕೊಂಡು ಅತ್ತರು. ಅದು ಸುಳ್ಳು. ಇಲ್ಲಿರುವ ತಾಯಂದಿರು ದಯವಿಟ್ಟು ಕೇಳಿಸಿಕೊಳ್ಳಿ. ಈ ಕಾಯಿಲೆ ಸಿಹಿ ತಿಂದು ಬರುವುದಿಲ್ಲ. ಹೊಟ್ಟೆಯ ಹಿಂಭಾಗದಲ್ಲಿ ಮೇದೋಜೀರಕ ಗ್ರಂಥಿ ಅಂತ ಇದೆ. ಇನ್ಸುಲಿನ್ ತಯಾರಾಗುವುದು ಅಲ್ಲಿ. ರೋಗದ ವಿರುದ್ಧ ಹೋರಾಡಬೇಕಾದ ನಮ್ಮ ಮೈಯ ಶಕ್ತಿಯೇ ತಪ್ಪಿ ಆ ಜೀವಕೋಶಗಳನ್ನು ಕೊಂದುಹಾಕುತ್ತದೆ. ಆಮೇಲೆ ಇನ್ಸುಲಿನ್ ಹೊರಗಿನಿಂದಲೇ ಬರಬೇಕು, ದಿನಾ, ಬದುಕಿರುವವರೆಗೂ.

ಈಗ ಈ ಪುಸ್ತಕಕ್ಕೆ ಬರುತ್ತೇನೆ.

ಆಗ ನಮ್ಮ ಮನೆಯಲ್ಲಿ ಗ್ಲೂಕೋಮೀಟರ್ ಇರಲಿಲ್ಲ. ಬೆನೆಡಿಕ್ಟ್ ದ್ರಾವಣ ಅಂತ ನೀಲಿ ನೀರಿನಂಥದ್ದು ಬಾಟಲಿಯಲ್ಲಿ ಸಿಗುತ್ತಿತ್ತು. ಗಾಜಿನ ಕೊಳವೆಯಲ್ಲಿ ಅದನ್ನು 5 ಎಂ.ಎಲ್. ಹಾಕಿ, 8 ಹನಿ ಮೂತ್ರ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಕುದಿಸಬೇಕು. ನೀಲಿ ನೀಲಿಯಾಗೇ ಉಳಿದರೆ ಮೂತ್ರದಲ್ಲಿ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ. ಆಮೇಲೆ ಹಳದಿ, ಕಿತ್ತಳೆ. ಇಟ್ಟಿಗೆ ಕೆಂಪು ಬಂದರೆ ತುಂಬಾ ಜಾಸ್ತಿ. ಬೆಳಗ್ಗೆ ಎದ್ದು ಬಚ್ಚಲ ಒಲೆ ಪಕ್ಕ ಕುಕ್ಕರಗಾಲಲ್ಲಿ ಕೂತು ಅವಳೇ ಕುದಿಸುತ್ತಿದ್ದಳು. ನೀಲಿ ಬಂದ ದಿನ "ನೀಲೀ!" ಎಂದು ಕೂಗುತ್ತಿದ್ದಳು. ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದ ಅಮ್ಮನಿಗೂ ಕೇಳಬೇಕು, ಹಾಗೆ.

ಬಣ್ಣವನ್ನು ದಿನಾ ಬರೆದಿಡಿ ಎಂದು ಡಾಕ್ಟರು ಹೇಳಿದ್ದರು. ಅವಳು ಬರೆಯಲಿಲ್ಲ, ಕ್ರೇಯಾನಿನಲ್ಲಿ ಬಳಿದಳು. ಒಂದೊಂದು ದಿನಕ್ಕೆ ಒಂದೊಂದು ಚಿಕ್ಕ ಚೌಕ. ಪಕ್ಕದಲ್ಲಿ ಆ ದಿನದ ಸುದ್ದಿ ಒಂದು ಸಾಲು. ಓದುತ್ತೇನೆ, ಕೇಳಿ.

"ಹಸಿರು. ಗೌರಿ ಕರು ಹಾಕಿತು. ಗಂಡು."

"ಕೆಂಪು. ಕದ್ದು ಹಲಸಿನ ಹಣ್ಣು ತಿಂದೆ. ಹನ್ನೊಂದು ತೊಳೆ. ಅಕ್ಕನಿಗೆ ಗೊತ್ತು, ಅವಳು ಹೇಳಲ್ಲ."

"ನೀಲಿ. ಮೂರು ದಿನದಿಂದ ಕರೆಂಟಿಲ್ಲ. ಮಡಕೆಗೆ ನಾನೇ ನೀರು ಹಾಕಿದೆ."

ಮಡಕೆ ಅಂದರೆ ಇನ್ಸುಲಿನ್ ಇಡುವ ಮಡಕೆ. ಫ್ರಿಜ್ ಇರಲಿಲ್ಲ. ಅಪ್ಪಯ್ಯ ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆ ಇಟ್ಟು, ನಡುವೆ ಹೊಳೆಯ ಮರಳು ತುಂಬಿಸಿದ್ದರು. ಮರಳಿಗೆ ನೀರು ಹಾಕುತ್ತಿದ್ದರೆ ಒಳಗೆ ತಣ್ಣಗಿರುತ್ತದೆ. ಕೆಂಪು ಮುಚ್ಚಳದ 40 ಯೂನಿಟ್ ಸಿರಿಂಜಿನಲ್ಲಿ ಔಷಧಿ ಎಳೆದು, ಗುಳ್ಳೆ ಹೋಗುವ ಹಾಗೆ ಉಗುರಿನಿಂದ ಟಕ್ ಟಕ್ ಎಂದು ಬಡಿದು, ತೊಡೆಗೆ ಚುಚ್ಚಿಕೊಳ್ಳುವುದನ್ನು ಅವಳು ಹತ್ತನೇ ವಯಸ್ಸಿಗೇ ಕಲಿತಳು. ನನಗೆ ಸೂಜಿ ನೋಡಿದರೆ ತಲೆ ಸುತ್ತುತ್ತಿತ್ತು. "ನೀನು ಆ ಕಡೆ ನೋಡು ಅಕ್ಕ, ಮುಗಿದ ಮೇಲೆ ಹೇಳ್ತೀನಿ" ಎನ್ನುತ್ತಿದ್ದಳು.

ಆಲೆಮನೆಗೆ ಕರೆದುಕೊಂಡು ಹೋಗಲು ನಮಗೆ ಸಂಕಟ. ಅವಳೇ ಮುಂದೆ ಓಡುತ್ತಿದ್ದಳು. ಎಲ್ಲರ ಲೋಟಕ್ಕೆ ಕಬ್ಬಿನ ಹಾಲು ಬಗ್ಗಿಸುವ ಕೆಲಸ ಅವಳದ್ದು. ಅಲ್ಲೂ ಕಂಡಕ್ಟರ್: "ಯಾರ್ರೀ ಇನ್ನೂ ತಗೊಂಡಿಲ್ಲ?"

ಇದೇ ಹೈಸ್ಕೂಲಿನಲ್ಲಿ ಒಂದು ಸಲ ಡ್ರಿಲ್ ಹೊತ್ತಿನಲ್ಲಿ ಅವಳಿಗೆ ಸಕ್ಕರೆ ಇಳಿದುಹೋಯಿತು. ಬೆವರು, ಕೈ ನಡುಕ, ಏನೇನೋ ಮಾತು. ಆವತ್ತಿನಿಂದ ಅವಳ ಬೆಂಚಿನ ನಾಲ್ವರು ಹುಡುಗಿಯರೂ ತಮ್ಮ ಜಾಮೆಟ್ರಿ ಬಾಕ್ಸಿನಲ್ಲಿ ಬೆಲ್ಲದ ಚೂರು ಇಟ್ಟುಕೊಂಡರು. ಯಾರೂ ಹೇಳಿರಲಿಲ್ಲ. ಕೈವಾರ, ಕೋನಮಾಪಕ ಎಲ್ಲ ಅಂಟು ಅಂಟು ಎಂದು ಗಣಿತದ ಮೇಷ್ಟ್ರು ಬೈದಿದ್ದೂ ಪುಸ್ತಕದಲ್ಲಿದೆ. ಅವರಲ್ಲಿ ಇಬ್ಬರು ಇವತ್ತು ಬಂದಿದ್ದಾರೆ. ನಿಮ್ಮನ್ನು ನೋಡಿದರೆ ನನಗೆ ಮಾತು ಹೊರಡುವುದಿಲ್ಲ ಕಣ್ರೇ.

ಒಂಬತ್ತನೇ ಕ್ಲಾಸಿನಲ್ಲಿ ಅವಳಿಗೆ ಲೈಬ್ರರಿಯಲ್ಲಿ ಇನ್ಸುಲಿನ್ ಕಥೆ ಸಿಕ್ಕಿತು. ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್, ಬೆಸ್ಟ್ ಎಂಬುವರು 1921ರಲ್ಲಿ ಇದನ್ನು ಕಂಡುಹಿಡಿದರು. 1922ರ ಜನವರಿ 11ರಂದು ಲಿಯೊನಾರ್ಡ್ ಥಾಮ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲು ಚುಚ್ಚಿದರು. ಅದು ಸರಿಯಾಗಿ ಶುದ್ಧವಾಗಿರಲಿಲ್ಲ. ಕಾಲಿಪ್ ಎಂಬುವರು ಶುದ್ಧ ಮಾಡಿಕೊಟ್ಟ ಮೇಲೆ, ಜನವರಿ 23ರಂದು ಮತ್ತೆ ಕೊಟ್ಟರು. ಹುಡುಗ ಚೇತರಿಸಿಕೊಂಡ. ಅದಕ್ಕೆ ಮುಂಚೆ ಈ ಕಾಯಿಲೆ ಬಂದ ಮಕ್ಕಳನ್ನು ಉಪವಾಸ ಕೆಡವಿ ಸಾವನ್ನು ಒಂದಿಷ್ಟು ಮುಂದಕ್ಕೆ ಹಾಕುತ್ತಿದ್ದರು, ಅಷ್ಟೇ. ಬ್ಯಾಂಟಿಂಗ್ ಹುಟ್ಟಿದ್ದು ನವೆಂಬರ್ 14. ಅದಕ್ಕೇ ಇವತ್ತು ವಿಶ್ವ ಮಧುಮೇಹ ದಿನವೂ ಹೌದು. ಮಕ್ಕಳ ದಿನವೂ ಇವತ್ತೇ ಎಂದು ಪುಟ್ಟಿಗೆ ಹಿಗ್ಗೋ ಹಿಗ್ಗು. ಲಿಯೊನಾರ್ಡನನ್ನು ಅವಳು ಅಣ್ಣ ಎನ್ನುತ್ತಿದ್ದಳು. ಅವನು 26ನೇ ವಯಸ್ಸಿನಲ್ಲಿ ನ್ಯುಮೋನಿಯಾ ಆಗಿ ತೀರಿಕೊಂಡ. ಪುಸ್ತಕದಲ್ಲಿ ಹೀಗೆ ಬರೆದಿದ್ದಾಳೆ: "ಅಣ್ಣ 26. ಆಗಿನ ಔಷಧಿ ಹಳೇದು. ನನಗೆ 70 ಆದ್ರೂ ಆಗಬೇಕು."

ಮುಂದಿನದನ್ನು ಹೇಳಲು ನನಗೆ ತುಂಬಾ ವರ್ಷ ಬೇಕಾಯಿತು.

2005ರಲ್ಲಿ ಅವಳು ಶಿವಮೊಗ್ಗದಲ್ಲಿ ಹಾಸ್ಟೆಲ್‌ನಲ್ಲಿದ್ದಳು. ನಾನು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದೆ. ಜುಲೈ ತಿಂಗಳು. ಕಾಯಿನ್ ಬೂತ್‌ನಿಂದ ಫೋನ್ ಮಾಡಿದಳು. "ಅಕ್ಕ, ನಿನ್ನೆಯಿಂದ ಜ್ವರ. ನೀರು ಕುಡಿದರೂ ವಾಂತಿ. ಇನ್ಸುಲಿನ್ ತಗೊಳ್ಲಾ, ಬೇಡ್ವಾ?" ನಾನು ಹೇಳಿದೆ, "ಊಟಾನೇ ಮಾಡಿಲ್ಲ ಅಂದ್ರೆ ಬೇಡ ಬಿಡೇ. ಸುಮ್ನೆ ಮಲಗು. ಸಕ್ಕರೆ ಇಳಿದುಬಿಟ್ರೆ ಕಷ್ಟ."

ಅವಳು ನನ್ನ ಮಾತು ಕೇಳಿದಳು.

ಎರಡು ದಿನಕ್ಕೆ ಅವಳ ಉಸಿರು ಜೋರಾಗಿ, ಆಳವಾಗಿ ಬರತೊಡಗಿತು. ಬಾಯಲ್ಲಿ ಕೊಳೆತ ಹಣ್ಣಿನಂಥ ವಾಸನೆ. ರೂಮಿನ ಹುಡುಗಿಯರು ಆಸ್ಪತ್ರೆಗೆ ಸೇರಿಸಿದರು. ನಾನು ರಾತ್ರಿ ಬಸ್ ಹತ್ತಿ ಬೆಳಗ್ಗೆ ಇಳಿಯುವಷ್ಟರಲ್ಲಿ ಮುಗಿದಿತ್ತು.

ಏನಾಯಿತು ಎಂದು ಆಮೇಲೆ ಡಾಕ್ಟರು ಬಿಡಿಸಿ ಹೇಳಿದರು. ಊಟ ಬಿಟ್ಟರೂ ಜ್ವರದಲ್ಲಿ ಯಕೃತ್ತು ರಕ್ತಕ್ಕೆ ಸಕ್ಕರೆ ಬಿಡುತ್ತಲೇ ಇರುತ್ತದೆ. ಎಷ್ಟೋ ಸಲ ಇನ್ಸುಲಿನ್ ಮಾಮೂಲಿಗಿಂತ ಜಾಸ್ತಿಯೇ ಬೇಕಾಗುತ್ತದೆ. ಅದು ಸಿಗದಿದ್ದರೆ ಮೈ ಕೊಬ್ಬನ್ನು ಕರಗಿಸುತ್ತದೆ, ಕೀಟೋನ್ ಎಂಬ ಆಮ್ಲ ರಕ್ತದಲ್ಲಿ ತುಂಬಿಕೊಳ್ಳುತ್ತದೆ. ವಾಂತಿ ಅದರಿಂದಲೂ ಬರುತ್ತದೆ. ಟೈಪ್ 1 ಇರುವವರು ಹುಷಾರಿಲ್ಲದ ದಿನ ಇನ್ಸುಲಿನ್ ಪೂರ್ತಿ ನಿಲ್ಲಿಸಲೇಬಾರದು. ಸಕ್ಕರೆ, ಕೀಟೋನ್ ಮತ್ತೆ ಮತ್ತೆ ನೋಡಬೇಕು, ಎಷ್ಟು ತಗೊಳ್ಳಬೇಕೆಂದು ಡಾಕ್ಟರನ್ನು ಕೇಳಬೇಕು. ವಾಂತಿ ನಿಲ್ಲದಿದ್ದರೆ ಆಸ್ಪತ್ರೆಗೆ ಹೊರಡಬೇಕು, ಬೆಳಗಾಗಲಿ ಎಂದು ಕಾಯಬಾರದು. ಈ ಮಾತು ಗೊತ್ತಿದ್ದವರು ಆವತ್ತು ಆ ಫೋನ್ ಎತ್ತಿದ್ದರೆ ಅವಳಿಗೆ ಈಗ ನಲವತ್ತರ ಆಸುಪಾಸು.

ಅಮ್ಮ ನನಗೆ ಒಂದು ಮಾತೂ ಅನ್ನಲಿಲ್ಲ. ವರ್ಷದ ನಂತರ ಒಂದು ದಿನ ಅಡಿಕೆ ಸುಲಿಯುತ್ತಾ ಕೂತಿದ್ದಾಗ, ಮುಖ ಎತ್ತದೆ ಹೇಳಿದರು: "ನಿನ್ನ ಮಾತು ಅಂದ್ರೆ ಅವಳಿಗೆ ಧೈರ್ಯ ಇತ್ತು ಕಣೇ. ಅದಕ್ಕೇ ನಿನಗೇ ಫೋನ್ ಮಾಡಿದ್ದು." ಆ ಮಾತನ್ನು ನಾನು ಇನ್ನೂ ಹೊತ್ತುಕೊಂಡೇ ಇದ್ದೇನೆ.

ಟೀಚರುಗಳೇ, ನಿಮ್ಮ ಕ್ಲಾಸಿನಲ್ಲಿ ಯಾವ ಮಗುವಾದರೂ ಪದೇ ಪದೇ ನೀರು ಕುಡಿದು, ಪದೇ ಪದೇ ಹೊರಗೆ ಹೋಗಲು ಕೇಳಿ, ಸಣ್ಣಗಾಗುತ್ತಿದ್ದರೆ ಬೈಯಬೇಡಿ. ಅದೇ ದಿನ ಅದರ ಮನೆಗೆ ಫೋನ್ ಮಾಡಿ. ಬೆರಳ ತುದಿಯ ಒಂದು ಹನಿ ರಕ್ತ ಸಾಕು, ಒಂದು ನಿಮಿಷದೊಳಗೆ ಗೊತ್ತಾಗುತ್ತದೆ.

ಪುಸ್ತಕವನ್ನು ಮುಂದಿನ ಸಾಲಿಗೆ ಕೊಡುತ್ತೇನೆ. ನೋಡಿ ಹಿಂದಕ್ಕೆ ದಾಟಿಸಿ. ಹೊಲಿಗೆ ಬಿಟ್ಟಿದೆ, ಪುಟ ನಿಧಾನವಾಗಿ ತಿರುಗಿಸಿ. ನಡುವಿನಲ್ಲಿ ಬಸ್ ಟಿಕೆಟ್ ಅಂಟಿಸಿದ ಹಾಳೆ ಇದೆ, ಅದನ್ನು ಬಿಡಬೇಡಿ. ಮತ್ತೆ, 1998ರ ಆಗಸ್ಟ್ ನೋಡಿ. ಸತತ ಹತ್ತು ದಿನ ನೀಲಿ.